ನಾಗಸ್ವರ ಚಕ್ರವರ್ತಿ

ಬೆಂಗಳೂರಿನ ದಕ್ಷಿಣದ ಬಡಾವಣೆಗಳಾದ ಜಯನಗರ, ಬನಶಂಕರಿಗಳಲ್ಲಿ ಲಗ್ನದ ದಿನಗಳು ಬಂದುವೆಂದರೆ ನಸುಕಿನಲ್ಲಿಯೇ ಕಲ್ಯಾಣಮಂಟಪಗಳಿಂದ ನಾಗಸ್ವರದ ಧ್ವನಿ ಹೊರಹೊಮ್ಮುತ್ತದೆ. ಬಾಗಿಲಿನ ಬಳಿ, ಇಲ್ಲವೆ ವೇದಿಕೆಯ ಒಂದು ಮೂಲೆಯಲ್ಲಿ, ಓಲಗದವರು ಕುಳಿತಿರುತ್ತಾರೆ. ಬಂಧುಗಳು ಕುಶಲ ವಿಚಾರಿಸುತ್ತಾರೆ, ಮಕ್ಕಳು ಓಡಾಡುತ್ತಾರೆ, ಅಡಿಗೆಯವರು ಎಲೆ ಹಾಕುತ್ತಾರೆ. ಮಾಂಗಲ್ಯಧಾರಣೆಯ ಹೊತ್ತಿಗೆ ಪುರೋಹಿತರು ಕೈ ಎತ್ತಿ ಗಟ್ಟಿಮೇಳಕ್ಕೆ ಸನ್ನೆ ಮಾಡುತ್ತಾರೆ. ಅಪಶಕುನದ ಸದ್ದು ಯಾವುದೂ ವಧೂವರರ ಕಿವಿಗೆ ಬೀಳಬಾರದೆಂದು ನಾಗಸ್ವರವೂ ಡೋಲೂ ಒಮ್ಮೆಗೇ ಭೋರ್ಗರೆಯುತ್ತವೆ. ಆ ಒಂದು ಗಳಿಗೆ ಕಳೆದರೆ ಓಲಗದವರ ಕಡೆಗೆ ತಿರುಗಿ ನೋಡುವವರು ಕಡಿಮೆ. ಅವರು ನುಡಿಸುತ್ತಿರುವುದು ಕಲ್ಯಾಣಿಯೋ ಕಾಂಬೋಧಿಯೋ ಎಂದು ಕಿವಿಗೊಡುವವರು ಇನ್ನೂ ಕಡಿಮೆ.

ಎಲ್ಲರ ಶುಭಕಾರ್ಯಕ್ಕೂ ಬೇಕಾದ, ಆದರೆ ಸಭೆಯಲ್ಲಿ ಸಮನಾದ ಆಸನ ದೊರೆಯದ ಈ ವಾದ್ಯಕ್ಕೆ ಹಟತೊಟ್ಟು ಆಸನವನ್ನು ದೊರಕಿಸಿಕೊಟ್ಟವರು ತಿರುವಾವಡುತುರೈ ರಾಜರತ್ನಂ ಪಿಳ್ಳೆಯವರು. ಅವರು ಕನ್ನಡ ನಾಡಿನವರಲ್ಲ. ಆದರೆ ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯು ಸಮುದ್ರವನ್ನು ಸೇರುವ ಮೊದಲು ಹಲವು ಕವಲುಗಳಾಗಿ ಹರಡಿಕೊಳ್ಳುವ ತಂಜಾವೂರು ಸೀಮೆ ಅವರ ತಾಯಿನೆಲ. ದಕ್ಷಿಣ ದೇಶದ ನಾಗಸ್ವರಕ್ಕೆ ಅದೇ ತವರು.

ಅವರ ಜೀವನವನ್ನು ಅರಿಯುವ ಮುನ್ನ ಆ ವಾದ್ಯವನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. ನಾಗಸ್ವರವನ್ನು ನಾದಸ್ವರವೆಂದು ಕರೆಯುವುದೂ ವಾಡಿಕೆಯಲ್ಲಿದೆ. ಆಚ್ಚಾ ಎಂಬ ಗಟ್ಟಿಮರದ ಕೊಳವೆ, ಕೆಳಗೆ ಅರಳಿದ ಹೂವಿನಂತಹ ಬಾಯಿ, ಮೇಲೆ ಲೋಹದ ಒಂದು ಚಿಕ್ಕ ನಳಿಗೆ, ಅದರ ತುದಿಯಲ್ಲಿ ಜೊಂಡಿನ ನಾಲಗೆ - ಇಷ್ಟೇ ಅದರ ರಚನೆ. ಮರವು ಹಳೆಯದಾದಷ್ಟೂ ನಾದ ಚೆನ್ನಾಗಿರುತ್ತದೆಂದು ಕುಶಲಕರ್ಮಿಗಳು ಕೆಡವಿದ ಹಳೆಯ ಮನೆಗಳ ತೊಲೆ ಕಂಬಗಳನ್ನು ಹುಡುಕಿ ತರುತ್ತಾರೆ. ಕುಂಭಕೋಣದ ಸಮೀಪದ ನರಸಿಂಗಂಪೇಟೆ ಈ ಕೆಲಸಕ್ಕೆ ಹೆಸರುವಾಸಿಯಾದ ಊರು. ಅಲ್ಲಿಯ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ವಾದ್ಯದ ಪ್ರಾಣವಿರುವುದು ಜೊಂಡಿನಲ್ಲಿ. ಎರಡು ತೆಳುವಾದ ಪದರಗಳು ಒಂದಕ್ಕೊಂದು ತಾಗಿಯೂ ತಾಗದಂತೆ ಇರುತ್ತವೆ. ಉಸಿರು ಅವುಗಳ ನಡುವೆ ನುಗ್ಗಿದಾಗ ಅವು ಕಂಪಿಸಿ ಧ್ವನಿ ಹುಟ್ಟುತ್ತದೆ. ಇದನ್ನು ತಮಿಳಿನಲ್ಲಿ ಸೀವಾಳಿ ಎನ್ನುತ್ತಾರೆ. ನೀರಿನ ದಡದಲ್ಲಿ ಬೆಳೆಯುವ ಜೊಂಡನ್ನು ಒಣಗಿಸಿ, ಬೇಯಿಸಿ, ಮತ್ತೆ ಒಣಗಿಸಿ, ಒತ್ತಿ, ಕತ್ತರಿಸಿ ಹದಕ್ಕೆ ತರಬೇಕು. ಅದು ಒಂದು ದಿನ ನುಡಿದಂತೆ ಇನ್ನೊಂದು ದಿನ ನುಡಿಯದು. ಆದಕಾರಣ ವಾದಕರು ಹಲವು ನಾಲಗೆಗಳನ್ನು ದಾರದಲ್ಲಿ ಪೋಣಿಸಿ ವಾದ್ಯಕ್ಕೆ ಇಳಿಬಿಟ್ಟಿರುತ್ತಾರೆ. ನೋಡುವವರಿಗೆ ಅದು ಅಲಂಕಾರದಂತೆ ಕಂಡರೂ ನುಡಿಸುವವರಿಗೆ ಅದು ಆಪತ್ಕಾಲದ ಗಂಟು. ಉತ್ತರ ಭಾರತದ ಶಹನಾಯಿ, ತುರ್ಕಿಯ ಜುರ್ನಾ, ಚೀನಾದ ಸುವೋನಾ, ಯೂರೋಪಿನ ಓಬೋ ಇವೆಲ್ಲವೂ ಇದೇ ಜೋಡಿ ನಾಲಗೆಯ ಕುಲಕ್ಕೆ ಸೇರಿದವು. ಪಾಶ್ಚಾತ್ಯ ವಾದ್ಯವೃಂದದಲ್ಲಿ ಓಬೋ ವಾದಕನು ಕೊಡುವ ಸ್ವರಕ್ಕೆ ಉಳಿದವರೆಲ್ಲರೂ ತಮ್ಮ ಶ್ರುತಿಯನ್ನು ಸರಿಪಡಿಸಿಕೊಳ್ಳುತ್ತಾರೆ. ಆತನೂ ನಮ್ಮ ಓಲಗದವರಂತೆಯೇ ಚಿಕ್ಕ ಚಾಕು ಹಿಡಿದು ಜೊಂಡನ್ನು ಹೆರೆಯುವುದರಲ್ಲಿ ದಿನದ ಎಷ್ಟೋ ಹೊತ್ತನ್ನು ಕಳೆಯುತ್ತಾನೆ. ಶ್ರಮ ಒಂದೇ; ಆದರೆ ಆತನಿಗೆ ಸಭೆಯ ನಡುವೆ ಕುರ್ಚಿಯಿತ್ತು, ನಮ್ಮವರಿಗೆ ಇರಲಿಲ್ಲ.

ರಾಜರತ್ನಂ ಪಿಳ್ಳೆಯವರು 1898ನೆಯ ಇಸವಿ ಆಗಸ್ಟ್ 27ರಂದು ತಿರುವಾವಡುತುರೈ ಗ್ರಾಮದಲ್ಲಿ ಜನಿಸಿದರು. ತಂದೆ ಕುಪ್ಪುಸ್ವಾಮಿ ಪಿಳ್ಳೆ, ತಾಯಿ ಗೋವಿಂದಮ್ಮಾಳ್. ಬಾಲಕನಿಗೆ ಮೊದಲು ಇಟ್ಟ ಹೆಸರು ಬಾಲಸುಬ್ರಹ್ಮಣ್ಯ. ಆ ಊರಿನಲ್ಲಿ ಪ್ರಾಚೀನವಾದ ಶೈವಮಠವೊಂದಿದೆ. ತಮಿಳು ವಿದ್ವಾಂಸರಿಗೂ ಸಂಗೀತಗಾರರಿಗೂ ಆಶ್ರಯವಿತ್ತ ಆ ಮಠದ ನೆರಳಿನಲ್ಲಿ ಅವರು ಬೆಳೆದರು. ಸೋದರಮಾವ ತಿರುಮರುಗಲ್ ನಟೇಶ ಪಿಳ್ಳೆಯವರು ಆ ಕಾಲದ ಹೆಸರಾಂತ ನಾಗಸ್ವರ ವಿದ್ವಾಂಸರು. ಹೀಗಾಗಿ ನಾದವು ಅವರಿಗೆ ಮನೆಮಾತಿನಷ್ಟೇ ಸಹಜವಾಗಿ ಬಂದಿತು.

ಆದರೆ ಅವರ ಮೊದಲ ಪಾಠ ನಾಗಸ್ವರದಲ್ಲಿ ಆಗಲಿಲ್ಲ. ಪಿಟೀಲು ವಾದನದಲ್ಲಿ ಅಪ್ರತಿಮರಾಗಿದ್ದ ತಿರುಕ್ಕೋಡಿಕಾವಲ್ ಕೃಷ್ಣ ಅಯ್ಯರ್ ಅವರಲ್ಲಿ ಅವರು ಹಾಡುಗಾರಿಕೆಯನ್ನು ಕಲಿತರು. ಅನಂತರ ಅಮ್ಮಾಛತ್ರಂ ಕಣ್ಣುಸ್ವಾಮಿ ಪಿಳ್ಳೆಯವರಲ್ಲಿ ನಾಗಸ್ವರದ ಅಭ್ಯಾಸ ನಡೆಯಿತು. ಈ ಕ್ರಮವು ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತೆಂದು ಹೇಳಬಹುದು. ಹಾಡುವವನಿಗೆ ರಾಗದ ಒಂದೊಂದು ಎಳೆಯೂ ಗಂಟಲಿನಲ್ಲಿ ತಿಳಿದಿರುತ್ತದೆ. ನಾಗಸ್ವರದಲ್ಲಿ ಬೆರಳು ಆಡಿಸುವ ರಂಧ್ರಗಳು ಏಳೇ. ಅವುಗಳ ನಡುವಣ ಸೂಕ್ಷ್ಮ ಸ್ವರಗಳನ್ನೆಲ್ಲ ರಂಧ್ರವನ್ನು ಅರೆ ತೆರೆದು, ಅರೆ ಮುಚ್ಚಿ, ತುಟಿಯ ಒತ್ತಡವನ್ನೂ ಉಸಿರಿನ ಬಲವನ್ನೂ ಹೆಚ್ಚು ಕಡಿಮೆ ಮಾಡಿ ಹೊರಡಿಸಬೇಕು. ಒಳಗೆ ಹಾಡು ಇಲ್ಲದವನು ಈ ವಾದ್ಯದಿಂದ ಸದ್ದನ್ನು ಹೊರಡಿಸಿಯಾನು, ಸಂಗೀತವನ್ನಲ್ಲ. ರಾಜರತ್ನಂ ಅವರ ಒಳಗೆ ಹಾಡು ತುಂಬಿತ್ತು. ಬಹುಬೇಗ ಅವರು ತಿರುವಾವಡುತುರೈ ಮಠದ ವಿದ್ವಾಂಸರಾಗಿ ನೇಮಕಗೊಂಡರು.

ಅಂದಿನ ನಾಗಸ್ವರ ವಿದ್ವಾಂಸರ ಬಾಳು ಹೇಗಿತ್ತು? ದೇವರ ಉತ್ಸವಮೂರ್ತಿ ಗರ್ಭಗುಡಿಯಿಂದ ಹೊರಟ ಕ್ಷಣದಿಂದ ಅವರ ಕೆಲಸ ಆರಂಭವಾಗುತ್ತಿತ್ತು. ಮೊದಲು ಮಲ್ಲಾರಿ, ಅನಂತರ ರಥಬೀದಿಯ ಮೂಲೆಮೂಲೆಯಲ್ಲಿ ರಾಗಾಲಾಪನೆ. ಪಂಜಿನ ಬೆಳಕಿನಲ್ಲಿ ರಾತ್ರಿಯೆಲ್ಲ ಮೆರವಣಿಗೆ ಸಾಗುತ್ತಿತ್ತು. ಒಂದೇ ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಲ್ಲ ಮಹಾವಿದ್ವಾಂಸರು ಅವರಲ್ಲಿದ್ದರು. ಬೀದಿಯಲ್ಲಿ ನಿಂತು ಬೆಳಗಿನವರೆಗೆ ಕೇಳುವ ರಸಿಕರೂ ಇದ್ದರು. ರಸಿಕತೆಗೆ ಬರವಿರಲಿಲ್ಲ. ಬರವಿದ್ದುದು ಮರ್ಯಾದೆಗೆ. ಗಾಯಕರು, ವೀಣೆ ಪಿಟೀಲಿನ ವಿದ್ವಾಂಸರು ಜಮಖಾನದ ಮೇಲೆ ಕುಳಿತು ಕಚೇರಿ ಮಾಡಿದರೆ ನಾಗಸ್ವರದವರು ನಿಂತೇ ನುಡಿಸಬೇಕಾಗಿತ್ತು. ಮೈಮೇಲೆ ಅಂಗಿ ಹಾಕುವಂತಿರಲಿಲ್ಲ. ಮೇಲುವಸ್ತ್ರವನ್ನು ಹೆಗಲ ಮೇಲೆ ಹೊದೆಯದೆ ಸೊಂಟಕ್ಕೆ ಬಿಗಿಯಬೇಕಾಗಿತ್ತು. ಸಿರಿವಂತರ ಮನೆಯ ಮದುವೆಯಲ್ಲಿ ಮೂರು ನಾಲ್ಕು ದಿನ ಊದಿದವರಿಗೂ ಈ ನಿಯಮ ತಪ್ಪಿದ್ದಲ್ಲ.

ಇದಕ್ಕೆ ಕಾರಣ ಸಂಗೀತದಲ್ಲಿರಲಿಲ್ಲ, ಜಾತಿಯಲ್ಲಿತ್ತು. ತಮಿಳು ನಾಡಿನಲ್ಲಿ ಇಸೈ ವೇಳಾಳರೆಂದು ಕರೆಯಲ್ಪಡುವ ಸಮುದಾಯದವರು ಈ ವಿದ್ಯೆಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು. ನಮ್ಮಲ್ಲಿಯೂ ಹಳೆಯ ಮೈಸೂರು ಸೀಮೆಯಲ್ಲಿ ಸವಿತಾ ಸಮಾಜದವರು, ಕರಾವಳಿಯಲ್ಲಿ ದೇವಾಡಿಗರು, ಉತ್ತರ ಕರ್ನಾಟಕದಲ್ಲಿ ಭಜಂತ್ರಿಗಳು ಮಂಗಳವಾದ್ಯವನ್ನು ಉಳಿಸಿದರು. ಅವರು ಊದದೆ ದೇವರು ಗುಡಿಯಿಂದ ಹೊರಡುತ್ತಿರಲಿಲ್ಲ, ಮದುವೆ ನಡೆಯುತ್ತಿರಲಿಲ್ಲ. ಆದರೂ ಸಾಲಿನಲ್ಲಿ ಅವರಿಗೆ ದೊರೆಯುತ್ತಿದ್ದುದು ಕೊನೆಯ ಸ್ಥಾನ. ಈ ವಿಪರೀತವನ್ನು ಅನೇಕರು ನುಂಗಿಕೊಂಡರು. ರಾಜರತ್ನಂ ಪಿಳ್ಳೆಯವರು ನುಂಗಿಕೊಳ್ಳಲಿಲ್ಲ.

ಅವರು ಮೊದಲು ತಮ್ಮ ವೇಷವನ್ನು ಬದಲಾಯಿಸಿದರು. ಜುಟ್ಟನ್ನು ತೆಗೆಸಿ ಕ್ರಾಪು ಬಿಟ್ಟರು. ರೇಷ್ಮೆಯ ಅಂಗಿ, ಶೇರವಾನಿ, ಬೆರಳಿಗೆ ಉಂಗುರಗಳನ್ನು ಧರಿಸಿ ಸಭೆಗೆ ಬಂದರು. ಇದನ್ನು ಕಂಡು ಹುಬ್ಬು ಗಂಟಿಕ್ಕಿದವರು ಉಂಟು. ಇದು ಬರಿಯ ಆಡಂಬರವೆಂದು ಆಡಿಕೊಂಡವರೂ ಉಂಟು. ಅದರಲ್ಲಿ ಆಡಂಬರವೂ ಇಲ್ಲದಿರಲಿಲ್ಲ. ಆದರೆ ಅಂಗಿ ತೊಡಬಾರದೆಂಬ ಕಟ್ಟಳೆಯಿದ್ದ ಕಡೆ ರೇಷ್ಮೆಯ ಅಂಗಿಯನ್ನೇ ತೊಟ್ಟು ನಿಲ್ಲುವುದಕ್ಕೆ ಬೇರೊಂದು ಅರ್ಥವೂ ಇದೆ. ಅನಂತರ ಅವರು ಗಾಯಕರಂತೆ ತಮಗೂ ವೇದಿಕೆ ಬೇಕೆಂದು ಕೇಳಿದರು, ಕುಳಿತು ನುಡಿಸಿದರು. ಈ ಮಾತು ಇಂದು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಅಂದು ಹಾಗಿರಲಿಲ್ಲ. ಕರೆದವರು ಒಪ್ಪದಿದ್ದರೆ ಕಚೇರಿಯನ್ನೇ ಬಿಟ್ಟುಕೊಡುವ ಸಿದ್ಧತೆ ಬೇಕಾಗಿತ್ತು. ಬಿಟ್ಟುಕೊಟ್ಟರೆ ಮತ್ತೊಬ್ಬನನ್ನು ಕರೆಯಲು ಮನಸ್ಸು ಬಾರದಂತಹ ವಿದ್ಯೆಯೂ ಬೇಕಾಗಿತ್ತು. ಅವರಲ್ಲಿ ಎರಡೂ ಇದ್ದುವು.

ಕುಳಿತು ನುಡಿಸಲು ವಾದ್ಯವೂ ತಕ್ಕಂತಿರಬೇಕಷ್ಟೆ. ಹಿಂದಿನಿಂದ ಬಳಕೆಯಲ್ಲಿದ್ದ ನಾಗಸ್ವರಕ್ಕೆ ತಿಮಿರಿ ಎಂದು ಹೆಸರು. ಅದು ಗಿಡ್ಡ, ಶ್ರುತಿ ಬಲು ಎತ್ತರ. ಜಾತ್ರೆಯ ಗದ್ದಲವನ್ನು ಸೀಳಿ ಊರಾಚೆಗೂ ಕೇಳಿಸಲು ಅದು ಹೇಳಿಮಾಡಿಸಿದ ವಾದ್ಯ. ಆದರೆ ಸಭಾಂಗಣದಲ್ಲಿ ಹತ್ತು ಮಾರು ದೂರ ಕುಳಿತವರ ಕಿವಿಗೆ ಅದು ತೀಕ್ಷ್ಣವಾಗುತ್ತಿತ್ತು. ರಾಜರತ್ನಂ ಅವರು ಉದ್ದವಾದ ವಾದ್ಯವನ್ನು ಮಾಡಿಸಿ ಬಳಕೆಗೆ ತಂದರು. ಇದಕ್ಕೆ ಬಾರಿ ಎನ್ನುತ್ತಾರೆ. ಇದರ ಉದ್ದ ಮೂರು ಅಡಿಗೆ ಸಮೀಪ. ಕೊಳವೆ ನೀಳವಾದಷ್ಟೂ ಒಳಗಿನ ಗಾಳಿಯ ಕಂಬ ದೊಡ್ಡದಾಗುತ್ತದೆ, ಕಂಪನ ನಿಧಾನವಾಗುತ್ತದೆ, ಶ್ರುತಿ ತಗ್ಗುತ್ತದೆ. ಆಗ ನಾದವು ಮನುಷ್ಯಕಂಠಕ್ಕೆ ಹತ್ತಿರವಾಗಿ, ಗಂಭೀರವೂ ಮೃದುವೂ ಆಗುತ್ತದೆ. ಆದರೆ ಉಸಿರು ಮಾತ್ರ ಹೆಚ್ಚು ಬೇಕು. ವಾದ್ಯ ಸೌಮ್ಯವಾಯಿತು, ವಾದಕನ ದುಡಿಮೆ ಹೆಚ್ಚಿತು.

ನಮ್ಮ ಮೈಸೂರಿನ ಪಿಟೀಲು ಚೌಡಯ್ಯನವರನ್ನು ಇಲ್ಲಿ ನೆನೆಯಬಹುದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಪಿಟೀಲು ಕೇಳಿಸಲೆಂದು ಅವರು ನಾಲ್ಕು ತಂತಿಯ ವಾದ್ಯಕ್ಕೆ ಮೂರು ತಂತಿಗಳನ್ನು ಹೆಚ್ಚಾಗಿ ಸೇರಿಸಿದರು. ರಾಜರತ್ನಂ ಅವರದು ಅದಕ್ಕೆ ವಿರುದ್ಧವಾದ ಸಮಸ್ಯೆ. ಚೌಡಯ್ಯನವರು ಮೆಲುದನಿಯ ವಾದ್ಯಕ್ಕೆ ಬಲ ತಂದರು. ಇವರು ಬಲವಾದ ವಾದ್ಯಕ್ಕೆ ಮೆಲುದನಿ ಕಲಿಸಿದರು. ಸಭಾಂಗಣ ಎಂಬ ಹೊಸ ಜಾಗಕ್ಕೆ ತಕ್ಕಂತೆ ವಾದ್ಯವನ್ನು ತಿದ್ದಿದವರು ಇಬ್ಬರೂ.

ಇನ್ನೊಂದು ಬದಲಾವಣೆ ಶ್ರುತಿಗೆ ಸಂಬಂಧಿಸಿದ್ದು. ನಾಗಸ್ವರದ ಮೇಳದಲ್ಲಿ ಒತ್ತು ಎಂಬ ಕೊಳವೆಯಿರುತ್ತದೆ. ಅದರಲ್ಲಿ ಬೆರಳಾಡಿಸುವ ರಂಧ್ರಗಳಿಲ್ಲ. ಒಬ್ಬ ಸಹಾಯಕನು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತಲೇ ಬಾಯಿಯಿಂದ ಊದುತ್ತ, ಒಂದೇ ಸ್ವರವನ್ನು ಎಡೆಬಿಡದೆ ನೀಡುತ್ತಿರಬೇಕು. ಗಂಟೆಗಟ್ಟಲೆ ಒತ್ತು ಹಿಡಿದು, ಒಂದು ದಿನ ತಾನೂ ನಾಗಸ್ವರ ಹಿಡಿಯುವ ಕನಸು ಕಾಣುತ್ತಿದ್ದ ಹುಡುಗರ ಕಷ್ಟ ಹೇಳತೀರದು. ರಾಜರತ್ನಂ ಅವರು ಒತ್ತಿನ ಬದಲು ತಂಬೂರಿಯನ್ನು ತಂದು ಪಕ್ಕದಲ್ಲಿ ಇಡಿಸಿದರು. ನಾಗಸ್ವರ ಮತ್ತು ಡೋಲುಗಳ ನಡುವೆ ತಂಬೂರಿಯ ನಾದ ಕೇಳಿಸೀತೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ತಂಬೂರಿ ಬಂದು ಕುಳಿತ ವೇದಿಕೆ ಗಾಯಕನ ವೇದಿಕೆಗೆ ಸಮಾನವಾಯಿತು. ಅವರಿಗೆ ಬೇಕಾದುದು ಅದೇ ಇದ್ದೀತು.

ಇಷ್ಟೆಲ್ಲ ಬದಲಾವಣೆಗಳು ನಿಂತದ್ದು ಅವರ ವಿದ್ಯೆಯ ಬಲದಿಂದ. ತೋಡಿ ಎಂದರೆ ರಾಜರತ್ನಂ, ರಾಜರತ್ನಂ ಎಂದರೆ ತೋಡಿ ಎಂಬ ಮಾತು ರಸಿಕರಲ್ಲಿ ಹುಟ್ಟಿಕೊಂಡಿತು. ತೋಡಿಯು ಕರ್ನಾಟಕ ಸಂಗೀತದ ಪ್ರಮುಖ ರಾಗಗಳಲ್ಲಿ ಒಂದು. ಅದರ ಗಾಂಧಾರವು ನಿಂತಲ್ಲಿ ನಿಲ್ಲದ ಸ್ವರ. ತೂಗುತ್ತ ಬಾಗುತ್ತ ಇರಬೇಕು. ಬೆರಳು ರಂಧ್ರದ ಮೇಲೆ ಕೂದಲೆಳೆಯಷ್ಟು ತಪ್ಪಿದರೂ ರಾಗ ಕೆಡುತ್ತದೆ. ಅಂತಹ ರಾಗವನ್ನು ಅವರು ಗಂಟೆಗಟ್ಟಲೆ ನುಡಿಸಬಲ್ಲವರಾಗಿದ್ದರು. ಕೆಳಗಿನ ಸ್ಥಾಯಿಯಲ್ಲಿ ಮೆಲ್ಲನೆ ಆರಂಭಿಸಿ, ಒಂದೊಂದು ಸ್ವರದ ಬಳಿಯೂ ನಿಂತು, ಸುತ್ತಲೂ ನೋಡಿ, ಮೇಲೇರಿ, ಒಮ್ಮೆಗೇ ಮಿಂಚಿನ ವೇಗದ ಸಂಚಾರಗಳನ್ನು ಸುರಿದು, ಮತ್ತೆ ಶಾಂತವಾಗುವುದು ಅವರ ಕ್ರಮ. ನೀಡಾಮಂಗಲಂ ಮೀನಾಕ್ಷಿಸುಂದರಂ ಪಿಳ್ಳೆಯವರಂತಹ ಡೋಲಿನ ದಿಗ್ಗಜರು ಅವರಿಗೆ ಸಾಥಿಯಾಗಿದ್ದರು. ಗಾಯಕರು ಸಹ ಅವರಿಂದ ಕಲಿತರು. ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರ ಗಾಯನದಲ್ಲಿ ಮೆರೆದ ಬಿರುಸಾದ ಬಿರ್ಕಾಗಳಿಗೆ ರಾಜರತ್ನಂ ಅವರ ನಾಗಸ್ವರವೇ ಪ್ರೇರಣೆಯೆಂದು ಸಂಗೀತಜ್ಞರು ಒಪ್ಪುತ್ತಾರೆ. ಕುಳಿತು ಹಾಡುವವರು ನಿಂತು ಊದುವವರಿಂದ ಪಾಠ ಕಲಿತರೆಂದ ಮೇಲೆ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬ ಹಳೆಯ ಲೆಕ್ಕಕ್ಕೆ ಅರ್ಥವೇನು ಉಳಿಯಿತು?

ಕಾಲವೂ ಅವರಿಗೆ ನೆರವಾಯಿತು. ಗ್ರಾಮಫೋನ್ ತಟ್ಟೆಗಳು ಅವರ ತೋಡಿಯನ್ನು ಊರೂರಿಗೆ ಒಯ್ದುವು. 1938ರಲ್ಲಿ ಮದರಾಸಿನಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಅವರ ನಾಗಸ್ವರ ಅಲ್ಲಿಂದಲೂ ಕೇಳಿಬಂದಿತು. ಬಾನುಲಿಯ ಮುಂದೆ ಕುಳಿತವನಿಗೆ ವಾದಕನು ನಿಂತಿದ್ದಾನೋ ಕುಳಿತಿದ್ದಾನೋ, ಅಂಗಿ ತೊಟ್ಟಿದ್ದಾನೋ ಇಲ್ಲವೋ ತಿಳಿಯುವುದಿಲ್ಲ. ಅವನಿಗೆ ಸಿಗುವುದು ನಾದವೊಂದೇ. 1940ರಲ್ಲಿ ತೆರೆಕಂಡ ಕವಿ ಕಾಳಮೇಘಂ ಎಂಬ ತಮಿಳು ಚಲನಚಿತ್ರದಲ್ಲಿ ಅವರು ನಾಯಕರಾಗಿ ನಟಿಸಿ, ತಮ್ಮ ಹಾಡುಗಾರಿಕೆಯನ್ನೂ ತೋರಿಸಿದರು. ಆದರೆ ಅವರ ಮನಸ್ಸು ನೆಲೆನಿಂತದ್ದು ನಾಗಸ್ವರದಲ್ಲಿಯೇ. ಸಿಂಹಳದಲ್ಲಿಯೂ ಅವರಿಗೆ ಅಪಾರ ಅಭಿಮಾನಿಗಳಿದ್ದರು. ಜನರು ಅವರನ್ನು ನಾಗಸ್ವರ ಚಕ್ರವರ್ತಿ ಎಂದು ಕರೆದರು.

1947ರ ಆಗಸ್ಟ್ 14ರಂದು, ಸ್ವಾತಂತ್ರ್ಯದ ಮುನ್ನಾದಿನ, ತಿರುವಾವಡುತುರೈ ಮಠದ ಪರವಾಗಿ ಜವಾಹರಲಾಲ್ ನೆಹರೂ ಅವರಿಗೆ ರಾಜದಂಡವನ್ನು ಅರ್ಪಿಸಲು ದೆಹಲಿಗೆ ಹೋದ ತಂಡದಲ್ಲಿ ರಾಜರತ್ನಂ ಅವರೂ ಇದ್ದರು. ಯಾವ ವಾದ್ಯವನ್ನು ಹಿಡಿದವರು ಶ್ರೀಮಂತರ ಅಂಗಳದಲ್ಲಿ ಸೊಂಟಕ್ಕೆ ವಸ್ತ್ರ ಬಿಗಿದು ನಿಲ್ಲಬೇಕಾಗಿತ್ತೋ ಆ ವಾದ್ಯ ಅಂದು ದೇಶದ ರಾಜಧಾನಿಯಲ್ಲಿ ಮೊಳಗಿತು. ಅದೇ ದಿನಗಳಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯೂ ನುಡಿಯಿತು. ಬಿಹಾರದ ಡುಮ್ರಾಂವ್‌ನಲ್ಲಿ 1916ರಲ್ಲಿ ಹುಟ್ಟಿ ಕಾಶಿಯಲ್ಲಿ ನೆಲಸಿದ ಖಾನರು, ಅರಮನೆ ಗುಡಿಗಳ ಬಾಗಿಲಲ್ಲಿ ನುಡಿಯುತ್ತಿದ್ದ ಶಹನಾಯಿಯನ್ನು ಕಚೇರಿಯ ವೇದಿಕೆಗೆ ತಂದವರು. ದಕ್ಷಿಣದಲ್ಲಿ ಒಬ್ಬರು, ಉತ್ತರದಲ್ಲಿ ಒಬ್ಬರು, ಒಂದೇ ಕೆಲಸವನ್ನು ಮಾಡುತ್ತಿದ್ದರು. 1977ರಲ್ಲಿ ತೆರೆಕಂಡ ಸನಾದಿ ಅಪ್ಪಣ್ಣ ಎಂಬ ಕನ್ನಡ ಚಲನಚಿತ್ರದಲ್ಲಿ ರಾಜಕುಮಾರ್ ಅವರು ಶಹನಾಯಿ ವಾದಕನ ಪಾತ್ರ ವಹಿಸಿದಾಗ ತೆರೆಯ ಹಿಂದೆ ನುಡಿಸಿದವರು ಈ ಬಿಸ್ಮಿಲ್ಲಾ ಖಾನರೇ.

ರಾಜರತ್ನಂ ಪಿಳ್ಳೆಯವರಲ್ಲಿ ದೋಷಗಳಿರಲಿಲ್ಲವೆಂದು ಹೇಳಲಾಗದು. ಅವರು ಮುಂಗೋಪಿಗಳು. ಹೇಳಿದ ಹೊತ್ತಿಗೆ ಸಭೆಗೆ ಬರುತ್ತಾರೆಂಬ ಭರವಸೆ ಇರಲಿಲ್ಲ. ಕಾದು ಕುಳಿತ ಜನರು ಗೊಣಗುತ್ತಿದ್ದರು. ನಾಗಸ್ವರದ ಮೊದಲ ಸ್ವರ ಕೇಳಿದೊಡನೆ ಸುಮ್ಮನಾಗುತ್ತಿದ್ದರು. ಹಣವು ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಗಳಿಕೆ ಎಷ್ಟಿತ್ತೋ ವೆಚ್ಚವೂ ಅಷ್ಟಿತ್ತು. ದಾನವೂ ವಿಲಾಸವೂ ಒಂದೇ ಥೈಲಿಯಿಂದ ಹೋಗುತ್ತಿದ್ದುವು. ಊದುವವನ ಗಳಿಕೆ ಅವನ ಉಸಿರು ಇರುವವರೆಗೆ ಮಾತ್ರ ಎಂಬುದನ್ನು ಅವರ ಕುಲದವರೆಲ್ಲರೂ ಬಲ್ಲರು. ನಾಲ್ಕು ದಿನ ಜ್ವರ ಬಂದರೆ, ತುಟಿ ಒಡೆದರೆ, ಹಲ್ಲು ಬಿದ್ದರೆ ಸಂಪಾದನೆ ನಿಲ್ಲುತ್ತದೆ. ಈ ಎಚ್ಚರವನ್ನು ಚಕ್ರವರ್ತಿಯೆನಿಸಿಕೊಂಡವರು ಪಾಲಿಸಲಿಲ್ಲ. 1956ರ ಡಿಸೆಂಬರ್ 12ರಂದು ಮದರಾಸಿನಲ್ಲಿ ಅವರು ಹೃದಯಾಘಾತದಿಂದ ನಿಧನ ಹೊಂದಿದರು. ಆಗ ಅವರ ವಯಸ್ಸು 58. ಅವರು ಕೂಡಿಟ್ಟ ಐಶ್ವರ್ಯ ಹೆಚ್ಚೇನೂ ಇರಲಿಲ್ಲ.

ಶಿಷ್ಯರು ಮಾತ್ರ ಉಳಿದರು. ಅವರಲ್ಲಿ ಪ್ರಮುಖರು ಕಾರುಕುರಿಚ್ಚಿ ಅರುಣಾಚಲಂ. ಗುರುವಿನ ಬಾರಿ ನಾಗಸ್ವರವನ್ನು ಅವರು ಇನ್ನಷ್ಟು ಇಂಪಾಗಿಸಿದರು. 1962ರಲ್ಲಿ ಬಂದ ಕೊಂಜುಂ ಸಲಂಗೈ ಎಂಬ ತಮಿಳು ಚಿತ್ರದ ಒಂದು ಹಾಡಿನಲ್ಲಿ ಎಸ್. ಜಾನಕಿಯವರ ಕಂಠವೂ ಅರುಣಾಚಲಂ ಅವರ ನಾಗಸ್ವರವೂ ಒಂದರ ಬೆನ್ನಿಗೆ ಒಂದು ಓಡುತ್ತವೆ. ಕನ್ನಡಿಗರ ಮನೆಮನೆಯಲ್ಲಿ ಹೆಸರಾದ ಆ ಗಾಯಕಿಯ ದನಿ ಯಾವುದು, ಜೊಂಡಿನ ದನಿ ಯಾವುದು ಎಂದು ಕ್ಷಣಕಾಲ ಗೊಂದಲವಾಗುವಷ್ಟು ಅವೆರಡೂ ಹೊಂದಿಕೊಂಡಿವೆ. ನಾಗಸ್ವರವು ಮನುಷ್ಯಕಂಠಕ್ಕೆ ಸಮೀಪವಾಗಬೇಕೆಂದು ಗುರು ಪಟ್ಟ ಶ್ರಮ ಅಲ್ಲಿ ಫಲಿಸಿತು. ಅರುಣಾಚಲಂ ಅವರೂ ದೀರ್ಘಕಾಲ ಬಾಳಲಿಲ್ಲ, 1964ರಲ್ಲಿ ತೀರಿಕೊಂಡರು.

ರಾಜರತ್ನಂ ಅವರ ವಾದನದ ಧ್ವನಿಮುದ್ರಣಗಳು ಇಂದಿಗೂ ದೊರೆಯುತ್ತವೆ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷದ ಸಂಗೀತ ಮಾತ್ರ ಹಿಡಿಸುತ್ತಿತ್ತು. ರಥಬೀದಿಯಲ್ಲಿ ಇಡೀ ರಾತ್ರಿ ಹರಡಿಕೊಳ್ಳುತ್ತಿದ್ದ ತೋಡಿಯನ್ನು ಅಷ್ಟರೊಳಗೆ ಅಡಕಮಾಡಬೇಕಾಗಿತ್ತು. ಮುಳ್ಳಿನ ಕರಕರ ಸದ್ದಿನ ನಡುವೆ ಮೊದಲು ಕೆಳಗಿನ ಷಡ್ಜ ಕೇಳಿಸುತ್ತದೆ. ಆಮೇಲೆ ಗಾಂಧಾರ ತೂಗತೊಡಗುತ್ತದೆ. ರಾಗ ಇನ್ನೂ ಅರ್ಧ ಹತ್ತಿರುವಾಗಲೇ ತಟ್ಟೆಯ ಮಗ್ಗುಲು ಮುಗಿದುಹೋಗುತ್ತದೆ, ತಿರುವಿ ಹಾಕಬೇಕು.